ಪಿನ್ ಹೊಡೆದ ಹಾಳೆಗಳು

ಡಿಸೆಂಬರ್ ಬಂತೆಂದರೆ ಊರಿನವರಿಗೆಲ್ಲ ಕಾಯಿಲೆಯ ಮಕ್ಕಳು ನೆನಪಾಗುತ್ತಾರೆ. ಉಳಿದ ಹನ್ನೊಂದು ತಿಂಗಳು ನಮ್ಮ ವಾರ್ಡಿನ ಕಡೆ ತಲೆ ಹಾಕಿಯೂ ಮಲಗದವರು ಆಗ ರಟ್ಟಿನ ಪೆಟ್ಟಿಗೆಗಳಲ್ಲಿ ಹಳೆ ಪುಸ್ತಕ ತುಂಬಿ ಕಳಿಸುತ್ತಾರೆ. ಎಲ್ಲವೂ ಮಕ್ಕಳ ಕ್ರಿಸ್ಮಸ್ ಕಥೆಗಳು. ಮೇಲೆ ನಕ್ಷತ್ರ, ಒಳಗೆ ಹಿಮ.

ಪೆಟ್ಟಿಗೆ ಬಿಚ್ಚಿ, ಹರಿದದ್ದನ್ನು ಅಂಟಿಸಿ, ತಳ್ಳುಗಾಡಿಯಲ್ಲಿ ಜೋಡಿಸಿ ಹಾಸಿಗೆಯಿಂದ ಹಾಸಿಗೆಗೆ ಒಯ್ಯುವುದು ನನ್ನ ಕೆಲಸ. ನಾನು ಮಕ್ಕಳ ವಾರ್ಡಿನ ಆಯಾ. ಬೆಡ್‌ಪ್ಯಾನ್ ಎತ್ತುತ್ತೇನೆ, ನೆಲ ಒರೆಸುತ್ತೇನೆ, ಚಾದರ ಬದಲಿಸುತ್ತೇನೆ. ಅದರ ಜೊತೆಗೆ ಈ ಗಾಡಿ. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದವಳು ನಾನು. ಸಾಲಿನ ಕೆಳಗೆ ಬೆರಳಿಟ್ಟು ಓದುತ್ತೇನೆ, ಆದರೆ ಒಂದಕ್ಷರ ಬಿಡದೆ ಓದುತ್ತೇನೆ. ಒಂದು ಪುಸ್ತಕವೂ ನಾನು ಓದದೆ ಮಕ್ಕಳ ಕೈಗೆ ಹೋಗುವುದಿಲ್ಲ.

ಯಾಕೆಂದರೆ ಮಕ್ಕಳಿಗೆ ಕ್ರಿಸ್ಮಸ್ ಕಥೆ ಬರೆಯುವವರಲ್ಲಿ ಅರ್ಧ ಜನಕ್ಕೆ ಒಂದು ಮಗುವನ್ನು ಸಾಯಿಸದಿದ್ದರೆ ಕೈ ಸುಮ್ಮನಿರುವುದಿಲ್ಲ. ಗಂಟೆ ಹೊಡೆಯುವವನ ಮಗಳು ಹಾಸಿಗೆ ಹಿಡಿದಿರುತ್ತಾಳೆ. ಹಬ್ಬದ ಹಿಂದಿನ ರಾತ್ರಿ ಕಿಟಕಿಯಲ್ಲಿ ಬೆಳಕು ಕಾಣುತ್ತದೆ. ಬೆಳಗಾಗುವಷ್ಟರಲ್ಲಿ ಅವಳು ನಗುನಗುತ್ತಲೇ ತಣ್ಣಗಾಗಿರುತ್ತಾಳೆ. ‘ಅವಳ ಮುಖದಲ್ಲಿ ಎಂಥ ಶಾಂತಿ!’ ಅಂತ ಕಥೆ ಮುಗಿಯುತ್ತದೆ. ಶಾಂತಿಯಂತೆ ಶಾಂತಿ! ಬರೆದವರನ್ನು ಹಿಡಿದು ತಂದು ನಮ್ಮ ವಾರ್ಡಿನಲ್ಲಿ ಒಂದು ವಾರ ನೆಲ ಒರೆಸಲು ಹಚ್ಚಬೇಕು. ಆಮೇಲೆ ಬರೆಯಲಿ ನೋಡೋಣ.

ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಮಗ ಇದೇ ವಾರ್ಡಿನಲ್ಲಿದ್ದ. ಏಳು ವರ್ಷ. ಹಬ್ಬಕ್ಕೆ ಮುಂಚೆ ಯಾರೋ ಒಬ್ಬ ದೊಡ್ಡಮನುಷ್ಯರ ಹೆಂಡತಿ ಬಂದು ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಅಂಥದ್ದೇ ಒಂದು ಕಥೆ ಓದಿದಳು. ನನ್ನ ಮಗ ನನ್ನ ಸೆರಗು ಎಳೆದು, ‘ಅಮ್ಮಾ, ನನ್ನನ್ನೂ ಹಾಗೇ ಕರ್ಕೊಂಡು ಹೋಗ್ತಾರಾ?’ ಅಂದ. ನನ್ನ ಕೋಪ ಆಗಲೂ ಮೂಗಿನ ತುದಿಯಲ್ಲೇ ಇತ್ತು. ಆ ಹೆಂಗಸಿನ ಕೈಯಿಂದ ಪುಸ್ತಕ ಕಿತ್ತು ಬಾಗಿಲಾಚೆ ಎಸೆದೆ, ಬಾಯಿಗೆ ಬಂದ ಹಾಗೆ ಬೈದೆ, ವಾರ್ಡಿಗೆ ವಾರ್ಡೇ ನಡುಗಿತು. ಆ ಗದ್ದಲದಲ್ಲಿ ಮಗನಿಗೆ ಉತ್ತರ ಹೇಳುವುದೇ ಉಳಿದುಹೋಯಿತು. ಅವನು ಮತ್ತೆ ಕೇಳಲಿಲ್ಲ.

ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ಪುಸ್ತಕದ ಗಾಡಿ ನನಗೆ ಬಂತು. ಅವತ್ತಿನಿಂದ ಹನ್ನೊಂದು ವರ್ಷ, ಮಗು ಸಾಯುವ ಪ್ರತಿ ಕಥೆಯ ಕೊನೆಯ ಹಾಳೆಗಳನ್ನು ಸೇರಿಸಿ ಸ್ಟೇಪ್ಲರ್ ಪಿನ್ ಹೊಡೆಯುತ್ತಾ ಬಂದೆ. ಹರಿಯುವ ಹಾಗಿಲ್ಲ, ಆಸ್ಪತ್ರೆಯ ಆಸ್ತಿ. ಪಿನ್ ಹೊಡೆಯಬಾರದು ಅಂತ ಎಲ್ಲೂ ಬರೆದಿರಲಿಲ್ಲ.

ಆ ಹನ್ನೊಂದನೇ ವರ್ಷ ಒಂಬತ್ತನೇ ಹಾಸಿಗೆಗೆ ಬಂದವಳಿಗೆ ಹನ್ನೆರಡು ವರ್ಷ. ಬಂದ ಮಾರನೇ ದಿನವೇ ಸೂಜಿ ಚುಚ್ಚಲು ಬಂದ ನರ್ಸಿಗೆ, ‘ನಿನ್ನೆ ಎಡಗೈ ಅಂದ್ರಿ, ಇವತ್ತು ಬಲಗೈ ಅಂತೀರಿ, ಕಾರಣ ಹೇಳಿ’ ಅಂತ ಪಾಟೀಸವಾಲು ಹಾಕಿದಳು. ನಾನು ಅವಳಿಗೆ ಲಾಯರಮ್ಮ ಅಂತ ಹೆಸರಿಟ್ಟೆ. ಅಪ್ಪ ಇಲ್ಲ. ಅಮ್ಮ ಶಾಲೆಯ ಸಮವಸ್ತ್ರ ಹೊಲಿಯುವವಳು. ಇಬ್ಬರೇ, ಆಸ್ಪತ್ರೆಯ ಹತ್ತಿರವೇ ಒಂದು ಕೋಣೆಯ ಮನೆ. ಡಾಕ್ಟರು ಆ ತಾಯಿಯ ಹತ್ತಿರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಿದ್ದರು, ಆದರೂ ಅವಳಿಗೆ ಅರ್ಥವಾಗಿತ್ತು. ಮಗಳಿಗೆ ಮಾತ್ರ ಗೊತ್ತಾಗಬಾರದು ಅಂತ ನಮಗೆಲ್ಲ ತಾಕೀತು ಮಾಡಿದ್ದಳು. ಮಗಳ ಎದುರು ಕೂತು, ‘ಜನವರಿಗೆ ಮತ್ತೆ ಶಾಲೆ ಶುರು, ನಿನ್ನ ಲಂಗ ಒಂದು ಅಳತೆ ದೊಡ್ಡದು ಹೊಲಿದಿದ್ದೀನಿ’ ಅನ್ನುತ್ತಿದ್ದಳು. ಮಗಳು, ‘ಸರಿಯಮ್ಮ, ಜೇಬು ಇಡು’ ಅನ್ನುತ್ತಿದ್ದಳು.

ಒಂದು ಮಧ್ಯಾಹ್ನ ಗಾಡಿ ತಳ್ಳಿಕೊಂಡು ಹೋದಾಗ ಲಾಯರಮ್ಮ ನನ್ನನ್ನು ನಿಲ್ಲಿಸಿದಳು.

‘ಆಯಮ್ಮ, ಪಿನ್ ಹೊಡೆಯೋದು ನೀವೇ ತಾನೆ?’

‘ಯಾವ ಪಿನ್ನೇ?’

‘ನಿಮಗೆ ಸುಳ್ಳು ಹೇಳೋಕೆ ಬರಲ್ಲ. ಕಿವಿ ಕೆಂಪಗಾಗತ್ತೆ.’

‘ಹಾಳೆ ಹರಿದಿರತ್ತೆ, ಅದಕ್ಕೆ ಹೊಡೀತೀನಿ. ಈಗೇನು, ನನ್ನ ಮೇಲೆ ಕೇಸ್ ಹಾಕ್ತೀಯಾ?’

‘ಎಂಟು ಪುಸ್ತಕದಲ್ಲೂ ಕೊನೇ ಹಾಳೆಗಳೇ ಹರಿದವಾ?’ ಅವಳು ದಿಂಬಿಗೆ ಒರಗಿ ಎದ್ದು ಕೂತಳು. ‘ವಾರ್ಡಲ್ಲಿ ಎಲ್ಲರಿಗೂ ಗೊತ್ತು ಆಯಮ್ಮ. ಪಿನ್ ಇದ್ರೆ ಮಗು ಸಾಯತ್ತೆ. ಪಿನ್ ಇಲ್ದಿದ್ರೆ ಉಳ್ಕೊಳತ್ತೆ. ನಾನು ಬಂದ ದಿನಾನೇ ಆರನೇ ಹಾಸಿಗೆಯವಳು ಹೇಳಿಕೊಟ್ಲು. ಅವಳಿಗೆ ಅವಳಿಗಿಂತ ಮುಂಚೆ ಇದ್ದೋರು ಹೇಳಿದ್ರಂತೆ.’

ನಾನು ಗಾಡಿಯ ಹಿಡಿ ಬಿಟ್ಟು ಅವಳ ಹಾಸಿಗೆಯ ತುದಿಗೆ ಕೂತುಬಿಟ್ಟೆ. ಕೂರುವ ಹಾಗಿಲ್ಲ, ನಿಯಮ ಇದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಹನ್ನೊಂದು ವರ್ಷ! ನಾನು ಮುಚ್ಚಿದೆ ಅಂದುಕೊಂಡಿದ್ದೆ. ಹುಡುಕುವ ಕಷ್ಟವೂ ಇಲ್ಲದ ಹಾಗೆ ಗುರುತು ಮಾಡಿ ಕೊಟ್ಟಿದ್ದೆ.

‘ಹಾಳೇನ ಹೀಗೆ ಉಬ್ಬಿಸಿ ಕೊಳವೆ ಮಾಡ್ಕೊಂಡು ಇಣುಕಿದ್ರೆ ಓದಬಹುದು,’ ಅಂತ ತೋರಿಸಿಕೊಟ್ಟಳು. ‘ನಾನು ಎಂಟೂ ಓದಿ ಮುಗಿಸಿದೆ.’

‘ಮುಗಿಸಿದ ಮೇಲೆ ಇನ್ನೇನು? ನನ್ನ ಪ್ರಾಣ ಯಾಕೆ ತಿಂತೀಯ?’

‘ಕೊನೆ ಸಿಗಲಿಲ್ಲ.’

‘ಮಗು ಸತ್ತ ಮೇಲೆ ಇನ್ನೇನು ಕೊನೆ ಬೇಕು ನಿನಗೆ?’

‘ಅದೇ ಆಯಮ್ಮ ನಾನು ಕೇಳ್ತಿರೋದು. ಎಲ್ಲಾ ಅಲ್ಲೇ ನಿಂತುಹೋಗತ್ತೆ. ಗಂಟೆ ಹೊಡೀತು, ಹಿಮ ಬಿತ್ತು, ಮುಗೀತು. ಮಾರನೇ ದಿನ ಅವರಮ್ಮ ಏನು ಮಾಡಿದ್ಲು? ಒಬ್ಬರೂ ಬರೆದಿಲ್ಲ. ಇನ್ನೊಂದು, ಎಲ್ಲಾ ಮಕ್ಕಳೂ ಹಬ್ಬದ ಹಿಂದಿನ ರಾತ್ರಿನೇ ಸಾಯ್ತಾರೆ. ಜನವರಿಯಲ್ಲಿ ಯಾರೂ ಸಾಯಲ್ವಾ?’

ನಗು ಬರಬೇಕಿತ್ತು. ಅವಳೂ ನಗಿಸಲೆಂದೇ ಹೇಳಿದ್ದು. ನನಗೆ ಬಂದದ್ದು ಸಿಟ್ಟು. ‘ಬಾಯಿ ಮುಚ್ಕೊಂಡು ಮಲಗು. ಹೆಚ್ಚು ಓದಿದ್ರೆ ಹೀಗೇ ಆಗೋದು,’ ಅಂತ ಗದರಿಸಿ ಗಾಡಿ ತಳ್ಳಿಕೊಂಡು ಹೊರಟುಬಿಟ್ಟೆ.

ಮೂರು ದಿನ ಅವಳ ಕಡೆ ಹೋಗಲಿಲ್ಲ. ಒರೆಸುವಾಗಲೂ ಎಂಟನೇ ಹಾಸಿಗೆಯವರೆಗೆ ಒರೆಸಿ ಆಚೆಯಿಂದ ಸುತ್ತಿ ಹತ್ತಕ್ಕೆ ಬರುತ್ತಿದ್ದೆ. ನಾಲ್ಕನೇ ದಿನ ಹಿರಿಯ ಸಿಸ್ಟರ್, ‘ಏನಮ್ಮಾ, ಒಂಬತ್ತರ ಕೆಳಗೆ ಧೂಳಿಗೂ ಹಾಸಿಗೆ ಹಾಕಿಕೊಡೋಣ್ವಾ?’ ಅಂದರು. ಪೊರಕೆ, ಬಕೆಟ್ಟು ಹಿಡಿದು ಹೋದೆ. ಆ ನಾಲ್ಕು ದಿನದಲ್ಲಿ ಹುಡುಗಿ ಇಳಿದುಹೋಗಿದ್ದಳು. ದನಿ ಮಾತ್ರ ಹಾಗೇ ಇತ್ತು.

‘ಕೋಪ ಹೋಯ್ತಾ?’

‘ನನ್ನ ಕೋಪ ಎಲ್ಲಿಗೆ ಹೋಗತ್ತೆ? ಇಲ್ಲೇ ಇರತ್ತೆ.’

‘ನಿಮ್ಮ ಮಗನೂ ಇಲ್ಲೇ ಇದ್ನಂತೆ. ಸಿಸ್ಟರ್ ಹೇಳಿದ್ರು.’ ಸ್ವಲ್ಪ ಉಸಿರು ತೆಗೆದುಕೊಂಡಳು. ‘ಮಾರನೇ ದಿನ ನೀವು ಏನು ಮಾಡಿದ್ರಿ ಆಯಮ್ಮ?’

ಆಗ ನನಗೆ ಅರ್ಥವಾಯಿತು. ಅವಳಿಗೆ ತನ್ನದು ಗೊತ್ತಿತ್ತು. ಅದನ್ನು ಯಾರಲ್ಲೂ ಕೇಳಬೇಕಾಗಿರಲಿಲ್ಲ. ಒಂದು ಕೋಣೆಯ ಮನೆಯಲ್ಲಿ ಒಬ್ಬಳೇ ಉಳಿಯುವ ಅಮ್ಮನ ಗತಿ ಏನು ಅನ್ನುವುದೊಂದೇ ಅವಳಿಗೆ ಬೇಕಿತ್ತು. ಅಮ್ಮನನ್ನೇ ಕೇಳುವ ಹಾಗಿಲ್ಲ. ಪುಸ್ತಕದಲ್ಲಿ ಹುಡುಕಿದ್ದಳು, ಸಿಕ್ಕಿರಲಿಲ್ಲ.

ಒಂದು ಸಲ ಮಗುವೊಂದು ಕೇಳಿದಾಗ ಉತ್ತರ ಹೇಳದೆ ಕೂಗಾಡಿದವಳು ನಾನು. ಬಕೆಟ್ಟು ಬದಿಗಿಟ್ಟೆ.

‘ಹಾಲು ಕಾಯಿಸಿದೆ,’ ಅಂದೆ. ‘ನಲವತ್ತು ದಿನ ಬೆಳಿಗ್ಗೆ ಎದ್ದು ಹಾಲು ಕಾಯಿಸಿ, ಫ್ಲಾಸ್ಕಿಗೆ ತುಂಬಿ ಇಲ್ಲಿಗೆ ಬರ್ತಿದ್ದೆ. ಮಾರನೇ ದಿನವೂ ಹಾಗೇ ಮಾಡಿದೆ. ಬಸ್ ಹತ್ತಿದೆ, ಇಳಿದೆ. ಗೇಟಿನಲ್ಲಿ ವಾಚ್‌ಮನ್ ಪಾಸ್ ಕೇಳಿದ. ಪಾಸ್ ಹಿಂದಿನ ದಿನಾನೇ ವಾಪಸ್ ತಗೊಂಡಿದ್ರು. ಆಗ ನೆನಪಾಯ್ತು.’

‘ಅತ್ರಾ?’

‘ಇಲ್ಲ. ಅವನ ಜೊತೆ ಜಗಳ ಆಡಿದೆ. ದಿನಾ ನೋಡಿದ ಮುಖಕ್ಕೆ ಪಾಸ್ ಕೇಳ್ತೀಯಾ, ನಿನ್ನ ಕಣ್ಣು ಹೋಗಿದ್ಯಾ ಅಂತ. ಆಮೇಲೆ ಮೆಟ್ಟಿಲ ಮೇಲೆ ಕೂತು ಆ ಹಾಲು ನಾನೇ ಕುಡಿದೆ. ಹಸಿವಾಗಿತ್ತು. ಹಸಿವಾಯ್ತಲ್ಲ ಅಂತ ನಾಚಿಕೆ ಆಯ್ತು.’

ಅವಳು ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ‘ಅದೇ ಎಲ್ಲಕ್ಕಿಂತ ಕಷ್ಟದ ದಿನಾನಾ?’

‘ಅಲ್ಲ. ಆಗ ಮನೆ ತುಂಬ ಜನ ಇದ್ರು. ಅತ್ತೆ, ನಾದಿನಿ, ಅಕ್ಕಪಕ್ಕದೋರು. ಒಬ್ಬಳು ನನ್ನ ಅಡುಗೆಮನೆ ಡಬ್ಬಿಗಳನ್ನೆಲ್ಲ ಬೇರೆ ಸಾಲಲ್ಲಿ ಇಟ್ಟಿದ್ಲು, ಅವಳ ಮೇಲೆ ರೇಗಾಡೋದ್ರಲ್ಲಿ ದಿನ ಹೋಯ್ತು. ಕಷ್ಟದ ದಿನ ಅಂದ್ರೆ, ಎಲ್ಲರೂ ಅವರವರ ಮನೆಗೆ ಹೋದ ಮೇಲಿನ ಮೊದಲನೇ ದಿನ. ಅವತ್ತು ರೇಗೋಕೂ ಯಾರೂ ಇರಲಿಲ್ಲ.’

‘ಯಾರೂ ಬರಲಿಲ್ವಾ?’

‘ಇಲ್ಲ ಕಣೇ.’

‘ಹಾಗಾದ್ರೆ ಆ ದಿನ ನೀವು ನಮ್ಮಮ್ಮನ ಹತ್ರ ಹೋಗ್ತೀರಾ? ಮೊದಲನೇ ದಿನ ಬೇಡ. ಜನ ಖಾಲಿ ಆದ ದಿನ. ಸಮಾಧಾನ ಹೇಳಬೇಡಿ, ಅದು ನಿಮಗೆ ಬರಲ್ಲ. ಹೋಗಿ, ಅಷ್ಟೇ.’

‘ಹೋಗ್ತೀನಿ,’ ಅಂದೆ.

ತಲೆ ಎತ್ತಿದರೆ ಪರದೆಯ ಪಕ್ಕ ಅವಳ ಅಮ್ಮ ನಿಂತಿದ್ದಳು. ಕೈಯಲ್ಲಿ ಊಟದ ಡಬ್ಬಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಡಬ್ಬಿ ಇಟ್ಟಳು, ಮಗಳ ಹಣೆ ಮುಟ್ಟಿ ನೋಡಿದಳು, ನಕ್ಕಳು ಕೂಡ. ಆಮೇಲೆ ನನ್ನ ರಟ್ಟೆ ಹಿಡಿದು ಹೊರಗೆ ಕಾರಿಡಾರಿಗೆ ಎಳೆದುಕೊಂಡು ಹೋದಳು.

‘ಏನು ಹೇಳಿಕೊಡ್ತಿದ್ದೆ ನನ್ನ ಮಗಳಿಗೆ?’

‘ನಾನು ಹೇಳಿಕೊಟ್ಟಿದ್ದಲ್ಲ. ಅವಳೇ ಕೇಳಿದ್ಲು.’

‘ಮಗು ಕೇಳತ್ತೆ! ಕೇಳಿದ್ದಕ್ಕೆಲ್ಲ ಹೇಳಿಬಿಡೋದಾ? ನಿನ್ನ ಮಗ ಹೋದ ಅಂತ ಎಲ್ಲರ ಮಕ್ಕಳನ್ನೂ ಕಳಿಸಿಕೊಡೋ ಕೆಲಸ ಹಿಡಿದಿದ್ದೀಯಾ?’

ನಾನೂ ಸುಮ್ಮನಿರಲಿಲ್ಲ. ‘ನೀನು ಹೊಲಿದಿದ್ದೀಯಲ್ಲ ದೊಡ್ಡ ಲಂಗ, ಅದನ್ನ ಯಾರು ಹಾಕ್ಕೋತಾರೆ?’ ಅಂದುಬಿಟ್ಟೆ.

ಆ ಮಾತು ಬಾಯಿಂದ ಬಿದ್ದ ಮೇಲೆ ಎತ್ತಿಕೊಳ್ಳಲು ಆಗುತ್ತದೆಯೇ? ಅವಳು ನನ್ನ ಕೆನ್ನೆಗೆ ಹೊಡೆದಳು. ಹೊಡೆಸಿಕೊಂಡೆ. ಅದಕ್ಕೆ ತಕ್ಕ ಮಾತೇ ಆಡಿದ್ದೆ.

ಸಂಜೆಯೊಳಗೆ ದೂರು ಹೋಯಿತು. ಹಿರಿಯ ಸಿಸ್ಟರ್ ನನ್ನನ್ನು ಕೂರಿಸಿಕೊಂಡು, ‘ಒಳ್ಳೇದಕ್ಕೇ ಮಾಡಿದ್ರಿ ಅಂತ ನನಗೆ ಗೊತ್ತು. ಆದ್ರೂ ನಾಳೆಯಿಂದ ನೀವು ಬಟ್ಟೆ ಒಗೆಯೋ ವಿಭಾಗಕ್ಕೆ ಹೋಗಿ,’ ಅಂದರು. ಗಾಡಿಯನ್ನು ಬೇರೆಯವಳಿಗೆ ಕೊಟ್ಟರು. ಕೊಡುವ ಮುಂಚೆ ನಾನು ಒಂದು ಚಮಚದ ಹಿಡಿಯಿಂದ ಎಂಟೂ ಪುಸ್ತಕದ ಪಿನ್ನು ಕಿತ್ತೆ. ಹೆಬ್ಬೆರಳಿಗೆ ಚುಚ್ಚಿ ರಕ್ತ ಬಂತು.

ಹಬ್ಬದ ದಿನ ಚಾದರಗಳ ಗಂಟು ಹೊತ್ತುಕೊಂಡು ವಾರ್ಡಿನ ಮುಂದೆ ಹೋದೆ. ಒಳಗೆ ಗಡ್ಡ ಅಂಟಿಸಿಕೊಂಡ ಒಬ್ಬ ಮನುಷ್ಯ ಉಡುಗೊರೆ ಹಂಚುತ್ತಿದ್ದ. ಒಂಬತ್ತನೇ ಹಾಸಿಗೆಯಲ್ಲಿ ತಾಯಿ ಮಗಳು ಇಬ್ಬರೂ ಒಂದೇ ಪುಸ್ತಕದ ಮೇಲೆ ಬಗ್ಗಿದ್ದರು. ಲಾಯರಮ್ಮ ಗಾಜಿನ ಬಾಗಿಲಿನಾಚೆ ನನ್ನನ್ನು ಕಂಡಳು. ಕೈ ಎತ್ತಲಿಲ್ಲ, ಅಮ್ಮ ನೋಡಿಯಾಳು ಅಂತ. ಹುಬ್ಬು ಮಾತ್ರ ಎತ್ತಿದಳು.

ಅವಳು ಸತ್ತದ್ದು ಜನವರಿಯಲ್ಲಿ. ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ, ವಾರ್ಡಿನಲ್ಲಿ ನೆಲ ಒರೆಸುತ್ತಿದ್ದಾಗ. ಗಂಟೆ ಹೊಡೆಯಲಿಲ್ಲ. ಕಿಟಕಿಯಲ್ಲಿ ಬೆಳಕು ಇತ್ತು, ಅದು ದಿನಾ ಇರುವ ಬಿಸಿಲು. ಅವಳ ಚಾದರ ಮಧ್ಯಾಹ್ನ ನನ್ನ ಕೈಗೇ ಬಂತು. ಅಂಚಿನಲ್ಲಿ ಒಂಬತ್ತು ಅಂತ ಬರೆದಿತ್ತು. ಉಳಿದವುಗಳ ಜೊತೆ ಹಾಕದೆ ಬೇರೆ ಒಗೆದೆ. ಯಾಕೆ ಅಂತ ಕೇಳಿದವಳಿಗೆ ‘ನಿನ್ನ ಕೆಲಸ ನೋಡ್ಕೋ’ ಅಂದೆ.

ಮಾತು ಕೊಟ್ಟಿದ್ದೆ. ಆದರೆ ಯಾವ ಮುಖ ಇಟ್ಟುಕೊಂಡು ಹೋಗಲಿ? ನನ್ನ ನೆರಳು ಕಂಡರೂ ಆ ತಾಯಿಗೆ ಆಗುವುದಿಲ್ಲ. ಅವಳು ನನ್ನನ್ನು ಕ್ಷಮಿಸುತ್ತಾಳೆ ಅನ್ನುವ ಆಸೆಯೂ ನನಗಿರಲಿಲ್ಲ. ಆದರೂ ಕೆಲಸ ಮುಗಿಸಿ ಎರಡು ಬೀದಿ ಸುತ್ತಿಕೊಂಡು ಅವಳ ಮನೆ ಮುಂದೆ ಹಾದುಹೋಗುತ್ತಿದ್ದೆ. ಬಾಗಿಲ ಮುಂದಿನ ಚಪ್ಪಲಿಗಳನ್ನು ನೋಡುತ್ತಿದ್ದೆ. ಮೊದಲ ದಿನ ಮೆಟ್ಟಿಲು ಕಾಣದಷ್ಟಿದ್ದವು. ಆಮೇಲೆ ಏಳೆಂಟು ಜೊತೆ. ಆಮೇಲೆ ಮೂರು. ಒಂಬತ್ತನೇ ದಿನ ಒಂದೇ ಜೊತೆ ಇತ್ತು, ಅದೂ ಒಂದು ಮಗುಚಿ ಬಿದ್ದಿತ್ತು.

ಬಾಗಿಲು ತಟ್ಟಿದೆ.

‘ಯಾರು?’

‘ಆಯಾ.’

‘ಹೊರಟು ಹೋಗು.’

‘ಹೋಗಲ್ಲ. ಬೆಳಿಗ್ಗೆಯಿಂದ ನಿಂತು ಒಗೆದು ಕಾಲು ನೋಯ್ತಿದೆ. ನೀನು ತೆಗೆದರೂ ಸರಿ, ಬಿಟ್ಟರೂ ಸರಿ, ಇಲ್ಲೇ ಕೂರ್ತೀನಿ.’

ಕೂತೆ. ಬೀದಿಯವರು ನೋಡುತ್ತಾ ಹೋದರು. ನೋಡಲಿ. ಅರ್ಧ ಗಂಟೆಯ ಮೇಲೆ ಬೈಯುವುದಕ್ಕೆಂದೇ ಬಾಗಿಲು ತೆಗೆದಳು. ಕಣ್ಣು ಊದಿ ಸೀಳಿನಷ್ಟೇ ಉಳಿದಿತ್ತು.

‘ಏನು ಬೇಕು ನಿನಗೆ? ನೋಡೋಕೆ ಬಂದ್ಯಾ? ನೋಡು, ನೋಡ್ಕೊಂಡು ಹೋಗು!’

ಒಳಗೆ ಹೊಲಿಗೆ ಯಂತ್ರದ ಮೇಲೆ ನೀಲಿ ಬಟ್ಟೆಯ ರಾಶಿ. ಎರಡು ಮಂಚ, ಒಂದರಲ್ಲಿ ಹೊದಿಕೆ ಮಡಿಸಿದ ಹಾಗೇ ಇತ್ತು. ನಾನು ನೆಲದ ಮೇಲೆ ಕೂತೆ. ಅವಳು ನಿಂತೇ ಇದ್ದಳು. ಬೈಗುಳ ಮುಗಿಯುವವರೆಗೆ ಬೈಸಿಕೊಂಡೆ. ಮುಗಿದ ಮೇಲೆ ದನಿ ಇಳಿಸಿ ಕೇಳಿದಳು.

‘ಅವಳಿಗೆ ಮೊದಲೇ ಗೊತ್ತಿತ್ತಾ?’

ಸುಳ್ಳು ಹೇಳಬಹುದಿತ್ತು. ‘ಗೊತ್ತಿತ್ತು.’

‘ಯಾವಾಗಿಂದ?’

‘ನನಗೆ ಹೇಳೋಕೆ ಮುಂಚಿನಿಂದಲೂ. ಬಂದ ದಿನದಿಂದಲೇ ಇರಬೇಕು.’

‘ಹಾಗಾದ್ರೆ ಲಂಗಕ್ಕೆ ಜೇಬು ಇಡು ಅಂದಿದ್ದು?’

‘ನಿಮಗೋಸ್ಕರ.’

ಅವಳು ಮಂಚದ ಅಂಚು ಹಿಡಿದು ಕೂತಳು. ‘ನಾನು ಅವಳಿಗೋಸ್ಕರ ನಾಟಕ ಆಡಿದೆ. ಅವಳು ನನಗೋಸ್ಕರ. ಇಬ್ಬರೂ ಒಂದು ದಿನವಾದ್ರೂ ನಿಜ ಮಾತಾಡಲಿಲ್ಲ. ನಿನ್ನ ಹತ್ರ ಆಡಿದ್ಲು. ನೆಲ ಒರೆಸೋಳ ಹತ್ರ.’

‘ಹೌದು,’ ಅಂದೆ. ನನಗೂ ಅದು ಅನ್ಯಾಯ ಅಂತಲೇ ಅನ್ನಿಸಿತು.

‘ಏನು ಕೇಳಿದ್ಲು? ನಾನು ಕೇಳಿಸಿಕೊಂಡಿದ್ದು ಕೊನೇ ಮಾತು ಮಾತ್ರ.’

‘ನಿಮ್ಮ ಬಗ್ಗೆನೇ ಕೇಳಿದ್ಲು. ಸಾಯೋದರ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮಾರನೇ ದಿನ ಅಮ್ಮ ಏನು ಮಾಡ್ತಾಳೆ ಅಂತ ಕೇಳಿದ್ಲು. ಎಂಟು ಪುಸ್ತಕದಲ್ಲಿ ಹುಡುಕಿದ್ಲು.’

ಆಗ ಅವಳು ಅತ್ತಳು. ನಾನು ಮುಟ್ಟಲಿಲ್ಲ, ಬೆನ್ನು ಸವರಲಿಲ್ಲ. ಅದು ನನಗೆ ಬರುವುದಿಲ್ಲ. ಅಲ್ಲೇ ಕೂತಿದ್ದೆ.

ಅಷ್ಟರಲ್ಲಿ ತೆರೆದ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕೈಯಲ್ಲಿ ಒಂದು ಸಮವಸ್ತ್ರದ ಲಂಗ. ಅಂಚು ಬಿಚ್ಚಿಹೋಗಿದೆ, ಮಗಳು ನಾಳೆ ಬೆಳಿಗ್ಗೆ ಹಾಕಿಕೊಳ್ಳಬೇಕು, ಆದರೆ ಇಂಥ ಹೊತ್ತಲ್ಲಿ ಕೇಳೋಕೆ... ಅಂತ ತಡವರಿಸಿದಳು.

‘ಇವತ್ತು ಆಗಲ್ಲ. ಮುಂದಿನ ವಾರ ಬನ್ನಿ,’ ಅಂದೆ ನಾನು.

‘ನನ್ನ ಗಿರಾಕೀನ ವಾಪಸ್ ಕಳಿಸೋಕೆ ನೀನ್ಯಾರು?’ ತಾಯಿ ಎದ್ದು ಮುಖ ಒರೆಸಿಕೊಂಡಳು. ‘ಕೊಡಿ ಇಲ್ಲಿ. ಕೈಹೊಲಿಗೆ, ಎರಡು ನಿಮಿಷದ ಕೆಲಸ.’

ಗೋಡೆಗೆ ಒಂದು ಪುಟ್ಟ ಬಟ್ಟೆ ದಿಂಬು ನೇತುಹಾಕಿತ್ತು. ಅದರಲ್ಲಿ ಮೂರು ಸೂಜಿ, ಮೂರಕ್ಕೂ ದಾರ ಪೋಣಿಸಿಯೇ ಇತ್ತು. ನಾನು ಎದ್ದು ಒಂದನ್ನು ಕಿತ್ತು ಕೊಡಲು ಹೋದೆ.

‘ಅದು ಬೇಡ,’ ಅಂದಳು. ‘ಅದನ್ನ ಅವಳು ಪೋಣಿಸಿಟ್ಟಿದ್ದು. ಆಸ್ಪತ್ರೆಗೆ ಹೊರಡೋ ದಿನ.’

ಡ್ರಾಯರಿನಿಂದ ಬೇರೆ ಸೂಜಿ ತೆಗೆದಳು. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಪೋಣಿಸಲು ನೋಡಿದಳು. ಊದಿದ ಕಣ್ಣಿಗೆ ತೂತು ಕಾಣುತ್ತಿರಲಿಲ್ಲ. ಮೂರು ಸಲ ತಪ್ಪಿತು. ನನ್ನ ಕೈಗೆ ಕೊಟ್ಟಳು. ನನ್ನ ಕನ್ನಡಕ ಆಸ್ಪತ್ರೆಯಲ್ಲೇ ಉಳಿದಿತ್ತು, ನನಗೂ ಆಗಲಿಲ್ಲ.

‘ಏನು ಆಯಾನೋ ನೀವು,’ ಅಂದಳು. ‘ಇಲ್ಲಿ ಕತ್ತಲೆ. ಬಾಗಿಲಿಗೆ ಬನ್ನಿ.’

ಹೊಸ್ತಿಲಿಗೆ ಹೋದೆವು. ಸಂಜೆಯ ಬೆಳಕು ಇನ್ನೂ ಸ್ವಲ್ಪ ಇತ್ತು. ನಾನು ಸೂಜಿಯನ್ನು ಎರಡೂ ಕೈಯಲ್ಲಿ ಅಲ್ಲಾಡದಂತೆ ಎತ್ತಿ ಹಿಡಿದೆ. ಅವಳು ದಾರವನ್ನು ಹತ್ತಿರ ತಂದಳು. ಲಂಗ ತಂದಿದ್ದ ಹೆಂಗಸು ನಮ್ಮ ಬೆಳಕಿಗೆ ಅಡ್ಡವಾಗದಂತೆ ಪಕ್ಕಕ್ಕೆ ಸರಿದು ನಿಂತಳು.